ಕಣ್ಣಿಗೆ ಬೀಳದ ಲೇಖನ

ಮುದ್ರಿತ ಪುಟಕ್ಕೆ ಮುಪ್ಪು ಬರುವ ಬಗೆ ನಮಗೆಲ್ಲ ಪರಿಚಿತವಾದುದೇ. ಅಂಚು ಹಳದಿಯಾಗುತ್ತದೆ, ಗೆದ್ದಲು ಹತ್ತುತ್ತದೆ. ಆದರೂ ಕಪಾಟಿನಲ್ಲಿ ಕೈಯಾಡಿಸಿದವರಿಗೆ ಅದು ಸಿಕ್ಕೀತು. ಅಂತರ್ಜಾಲದ ಬರಹಕ್ಕೆ ಬರುವ ಮುಪ್ಪು ಬೇರೆ ತೆರನಾದುದು. ಅಕ್ಷರವೊಂದೂ ಮಾಸದೆ ಅದು ಇದ್ದಲ್ಲಿಯೇ ಇರುತ್ತದೆ. ಹುಡುಕುವವರ ಕಣ್ಣಿಗೆ ಬೀಳುವುದು ಮಾತ್ರ ನಿಂತುಹೋಗುತ್ತದೆ.

2003ರಲ್ಲಿ ನಾವೊಂದು ಲೇಖನ ಬರೆದಿದ್ದೆವು. ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು 1956ರ ನವೆಂಬರ್ 1ರಂದು ಕೇರಳದ ಪಾಲಾದಾಗ ಇಲ್ಲಿಯ ಹಳ್ಳಿಗಳಲ್ಲಿ ಜನರು ಏನೆಂದುಕೊಂಡರೆಂಬುದನ್ನು ಏಳು ಮಂದಿ ಹಿರಿಯರ ಬಾಯಿಂದಲೇ ಕೇಳಿ ಬರೆದುಕೊಂಡದ್ದು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷದ ತನ್ನ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಹೇಳಿದುದೂ, ಆ ಮಾತು ಕಾರ್ಯಗತವಾಗದೆ ಹೋದುದೂ ಪುಸ್ತಕಗಳಲ್ಲಿ ಇದ್ದೇ ಇವೆ. ಆದರೆ ಇನ್ನು ಮುಂದೆ ಜಮೀನಿನ ಕಾಗದ ಯಾವ ಭಾಷೆಯಲ್ಲಿ ಬರುವುದೋ, ಮಗುವಿಗೆ ಯಾವ ಅಕ್ಷರ ಕಲಿಸುವರೋ ಎಂದು ಅಡಿಕೆ ಸುಲಿಯುತ್ತ ಆಡಿಕೊಂಡ ಮಾತುಗಳು ಬೇರೆಲ್ಲಿಯೂ ದಾಖಲಾದುದನ್ನು ನಾವು ಕಂಡಿಲ್ಲ. ಆ ಏಳು ಮಂದಿಯಲ್ಲಿ ಇಂದು ಒಬ್ಬರೂ ಉಳಿದಿಲ್ಲ.

ಕಳೆದ ವರ್ಷ ಅವರಲ್ಲೊಬ್ಬರ ಮೊಮ್ಮಗ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತರುಣ, ಅಜ್ಜನ ಹೆಸರನ್ನು ಗೂಗಲಿನಲ್ಲಿ ಬರೆದು ಹುಡುಕಿದನಂತೆ. ಒಂದು ಸಾಲೂ ದೊರೆಯಲಿಲ್ಲ. “ನೀವು ಬರೆದದ್ದು ಈಗ ಎಲ್ಲಿದೆ ಮಾವ?” ಎಂದು ದೂರವಾಣಿಯಲ್ಲಿ ಕೇಳಿದ. ಲೇಖನ ಜಾಲತಾಣದಲ್ಲಿ ಇದ್ದಲ್ಲಿಯೇ ಇತ್ತು.

ಕಾರಣವನ್ನು ಶೋಧಿಸುತ್ತ ಹೋದಾಗ ಮೊದಲು ಸಿಕ್ಕಿದ್ದು ಅಕ್ಷರಗಳ ಗುಟ್ಟು. ಅಂದಿನ ದಿನಗಳಲ್ಲಿ ಕನ್ನಡವನ್ನು ಗಣಕದಲ್ಲಿ ಮೂಡಿಸುತ್ತಿದ್ದ ಹಳೆಯ ನುಡಿ, ಬರಹ ಮುಂತಾದ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಒಳಗೆ ಅಡಗಿರುತ್ತಿದ್ದುದು ರೋಮನ್ ಲಿಪಿಯ ಸಂಕೇತಗಳು. ಮನುಷ್ಯನಿಗೆ ಅದು ಕನ್ನಡ. ಶೋಧಯಂತ್ರಕ್ಕೆ ಅರ್ಥವಿಲ್ಲದ ಅಕ್ಷರರಾಶಿ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯನ್ನು ಕೊಡುವ ಯೂನಿಕೋಡ್ 1991ರಲ್ಲೇ ಬಂದಿದ್ದರೂ ನಮ್ಮ ಕಡೆಯ ಅಕ್ಷರಜೋಡಣೆಯವರ ಮೇಜಿಗೆ ಅದು ಬಂದುಮುಟ್ಟಲು ಬಹಳ ಕಾಲ ಹಿಡಿಯಿತು. ಆ ಕಾಲದ ಎಷ್ಟು ಕನ್ನಡ ಬರಹಗಳು ಹೀಗೆಯೇ ಕತ್ತಲೆಯಲ್ಲಿ ಕುಳಿತಿವೆಯೋ!

ಪರಿವರ್ತಕ ತಂತ್ರಾಂಶದ ಮೂಲಕ ಲೇಖನವನ್ನು ಯೂನಿಕೋಡಿಗೆ ತಂದೆವು. ಅಲ್ಲಿಗೆ ಕೆಲಸ ಮುಗಿಯಲಿಲ್ಲ. ಅರ್ಕಾವತ್ತು ಕೆಲವೆಡೆ ಪಕ್ಕದ ಅಕ್ಷರಕ್ಕೆ ಹಾರಿತ್ತು, ಒತ್ತಕ್ಷರಗಳು ಚದುರಿದ್ದವು. ಮನೆಯವರು ಮೂಲಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದುವುದು, ನಾವು ತಿದ್ದುವುದು – ಹೀಗೆ ನಾಲ್ಕು ಸಂಜೆಗಳು ಕಳೆದವು.

ಅನಂತರದ ತೊಡಕು ತಲೆಬರಹದ್ದು. “ಹೊಳೆಯ ಈಚೆ ದಡ” ಎಂಬುದು ಅದರ ಹೆಸರು. ಪತ್ರಿಕೆಯ ಪುಟದಲ್ಲಿ ಅದಕ್ಕೊಂದು ಸೊಗಸಿತ್ತು. ಆದರೆ ಕಾಸರಗೋಡಿನ ಇತಿಹಾಸವನ್ನು ಅರಸುವವರು ಈ ಪದಗಳನ್ನು ಬರೆದಾರೆಯೇ? ಹಳೆಯದನ್ನು ಉಪಶೀರ್ಷಿಕೆಯಾಗಿ ಉಳಿಸಿ, ಮೇಲೆ “ಕಾಸರಗೋಡು ಕೇರಳಕ್ಕೆ ಸೇರಿದ ದಿನ: 1956ರ ನೆನಪುಗಳು” ಎಂದು ಹಾಕಿದೆವು. ಹೆಸರುಗಳ ಕಾಗುಣಿತವೂ ಒಂದು ಗೋಜಲೇ. ಕಯ್ಯಾರ ಕಿಞ್ಞಣ್ಣ ರೈಗಳ ಹೆಸರೊಂದನ್ನೇ ಕಿಞ್ಞಣ್ಣ, ಕಿಂಞಣ್ಣ, ಕಿನ್ಯಣ್ಣ ಎಂದು ಬಗೆಬಗೆಯಾಗಿ ಬರೆಯುವವರುಂಟು. ಬಳಕೆಯಲ್ಲಿರುವ ರೂಪಗಳು ವಾಕ್ಯದೊಳಗೆ ಸಹಜವಾಗಿ ಒಮ್ಮೊಮ್ಮೆ ಬರುವಂತೆ ನೋಡಿಕೊಂಡೆವು. ಪುಟದ ಹಿಂದೆ ಗುಟ್ಟಾಗಿ ಪದಗಳ ಪಟ್ಟಿ ತುಂಬಿಸಬಹುದೆಂದು ಒಬ್ಬರು ಸೂಚಿಸಿದರು. ಅಂಥ ಪಟ್ಟಿಯನ್ನು ಕ್ರಮಾಂಕಕ್ಕೆ ತಾನು ಬಳಸುವುದೇ ಇಲ್ಲವೆಂದು ಗೂಗಲ್ 2009ರಲ್ಲೇ ಸಾರಿದೆ.

ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಒಳಗಿನ ಮಾತು. ಲೇಖನದಲ್ಲಿ ಕಯ್ಯಾರರು “ಇಂದಿಗೂ ನಮ್ಮ ನಡುವೆ ಇದ್ದಾರೆ” ಎಂದಿತ್ತು. ಅವರು 2015ರಲ್ಲಿ, ನೂರು ತುಂಬಿದ ಮೇಲೆ, ತೀರಿಕೊಂಡರು. ದಿನಾಂಕವೊಂದನ್ನೇ ಬದಲಿಸಿದರೆ ಸಾಕು, ಯಂತ್ರ ಹೊಸದೆಂದು ನಂಬುತ್ತದೆ ಎಂದವರಿದ್ದರು. ಒಳಗಿನದನ್ನು ಬದಲಿಸದೆ ದಿನಾಂಕ ಮಾತ್ರ ತಿದ್ದುವುದನ್ನು ಗೂಗಲ್ ಸಂಸ್ಥೆಯೇ ಒಪ್ಪುವುದಿಲ್ಲ. ನಮಗೂ ಅದು ಹಳೆಯ ಅಕ್ಕಿಗೆ ಹೊಸ ಚೀಲ ಹೊಲಿದಂತೆ ತೋರಿತು. ನಮ್ಮ ಸ್ವಂತ ವಾಕ್ಯಗಳನ್ನು ಇಂದಿನ ಸ್ಥಿತಿಗೆ ಹೊಂದಿಸಿ, ಪರಿಷ್ಕರಿಸಿದ ದಿನವನ್ನು ಮೇಲೆ ಕಾಣಿಸಿದೆವು. ಹಿರಿಯರ ಮಾತಿಗೆ ಮಾತ್ರ ಕೈಹಚ್ಚಲಿಲ್ಲ.

ಹೊಸದಾಗಿ ಬೇರೊಂದು ಪುಟವನ್ನೇ ತೆರೆಯಿರೆಂಬ ಸಲಹೆಯನ್ನು ನಾವು ಒಪ್ಪಲಿಲ್ಲ. ಇತರ ತಾಣಗಳು ಒಂದು ಪುಟಕ್ಕೆ ಕೊಟ್ಟ ಕೊಂಡಿಗಳನ್ನು ಅದರ ಯೋಗ್ಯತೆಗೆ ಸಾಕ್ಷಿಯೆಂದು ಎಣಿಸುವುದು ಗೂಗಲಿನ ಮೊದಲಿನಿಂದಲೂ ಇರುವ ಕ್ರಮ. ಇಪ್ಪತ್ತು ವರ್ಷಗಳಲ್ಲಿ ನಮಗೆ ದೊರೆತಿದ್ದ ಐದಾರು ಕೊಂಡಿಗಳೆಲ್ಲ ಹಳೆಯ ವಿಳಾಸಕ್ಕೇ ಸೇರಿದವು. ವಿಳಾಸ ಬದಲಿಸಲೇಬೇಕಾದವರು 301 ಎಂಬ ಸಂಕೇತದ ಕಾಯಂ ಮರುನಿರ್ದೇಶನವನ್ನು ಇಡಬೇಕು. ಮನೆ ಬದಲಿಸಿದವರು ಅಂಚೆಕಚೇರಿಗೆ ಹೊಸ ವಿಳಾಸ ಕೊಟ್ಟು ಬರುವಂತೆ. ಕೊನೆಗೆ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದ ಮೂಲಕ ಪುಟವನ್ನು ಮತ್ತೊಮ್ಮೆ ನೋಡುವಂತೆ ಕೋರಿಕೆ ಸಲ್ಲಿಸಿದೆವು. ಕೋರಿಕೆ ನಮ್ಮದು, ನೋಡುವ ಮನಸ್ಸು ಅವರದು.

ಆರನೆಯ ವಾರದಲ್ಲಿ ಆ ತರುಣನ ಪತ್ರ ಬಂತು. ಲೇಖನ ಸಿಕ್ಕಿತ್ತು; ಅಜ್ಜಿಗೆ ಓದಿ ಹೇಳಿದನಂತೆ. ತಮ್ಮ ಮನೆತನದ ಹೆಸರನ್ನು ಮನೆಯಲ್ಲಿ ಬೇರೆ ರೀತಿ ಬರೆಯುತ್ತಾರೆಂದೂ ಅದನ್ನೂ ಸೇರಿಸಬಹುದೇ ಎಂದೂ ಕೇಳಿದ್ದ. ಅಂದು ಸಂಜೆಯೇ ಸೇರಿಸಿದೆವು.