ಗೋದಲಿಯ ಲೆಕ್ಕ

ಕಲಾ ಕಾಲೇಜಿನ ಪತ್ರಿಕೆಯಲ್ಲಿ ಹುಲ್ಲಿನ ಮಾತೇ ಎಂದು ಮಿತ್ರರು ಹುಬ್ಬೇರಿಸಬಹುದು. ಏರಿಸಲಿ. ನಮ್ಮಲ್ಲಿ ಅನೇಕರ ಫೀಜು ಹುಟ್ಟುವುದು ಕೊಟ್ಟಿಗೆಯಲ್ಲಿ, ನನ್ನದಂತೂ ಹೌದು. ಡೇರಿಯಲ್ಲಿ ಹಾಲನ್ನು ಬರಿಯ ಅಳತೆಯಿಂದ ಕೊಳ್ಳುವುದಿಲ್ಲ. ಜಿಡ್ಡನ್ನೂ ಜಿಡ್ಡೇತರ ಘನಾಂಶವನ್ನೂ ನೋಡಿ ಬೆಲೆ ಕಟ್ಟುತ್ತಾರೆ. ಅದರಲ್ಲಿ ಹಿಂಡಿ-ಬೂಸಾದ ಅಂಗಡಿಯ ಸಾಲ ತೀರಿಸಿ ಮಿಕ್ಕಿದ್ದೇ ಮನೆಯ ಪಾಲು. ಆದ್ದರಿಂದ ಗೋದಲಿಗೆ ಏನು ಬೀಳುತ್ತದೆಂಬುದು ನನಗೆ ಅರ್ಥಶಾಸ್ತ್ರದ ಮೊದಲನೆಯ ಅಧ್ಯಾಯ.

ಮಂಡ್ಯದ ಕಡೆಯ ನಮ್ಮ ಊರಿನಲ್ಲಿ ಹಸುವಿನ ಊಟವೆಂದರೆ ಬಣವೆಯ ಒಣಹುಲ್ಲು, ನಾಲೆಯ ಬದಿಯ ಸೀಮೆಹುಲ್ಲು, ಕೈ ಬಿಗಿಹಿಡಿದು ಹಾಕುವ ಹಿಂಡಿ. ಭತ್ತದ ಹುಲ್ಲೆಂದರೆ ಅಜ್ಜಿಗೆ ತಾತ್ಸಾರ. “ರಾಗಿಹುಲ್ಲು ತಿಂದ ಹಸುವಿನ ಮೈಯೇ ಬೇರೆ” ಎನ್ನುತ್ತಾಳೆ. ಇದರಲ್ಲಿ ಅಜ್ಜಿಯೂ ವಿಜ್ಞಾನವೂ ಒಂದೇ ಪಕ್ಷ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಅರಗುವುದು ಕಡಿಮೆ. ಅದರಲ್ಲಿರುವ ಆಕ್ಸಲೇಟು ಸುಣ್ಣದ ಅಂಶವನ್ನು ಹಿಡಿದಿಟ್ಟು ಸೆಗಣಿಯ ಪಾಲು ಮಾಡುತ್ತದೆ.

ಸೀಮೆಹುಲ್ಲಿನ ಹೊರೆ ನೋಡಿ ಹಿಗ್ಗುವವರು ಒಂದು ಮಾತು ಮರೆಯುತ್ತಾರೆ: 10 ಕಿಲೋ ಹಸಿಮೇವಿನಲ್ಲಿ ಸುಮಾರು 8 ಕಿಲೋ ನೀರೇ. ಮೇವನ್ನು ತೂಗುವುದಾದರೆ ನೀರು ಕಳೆದು ತೂಗಬೇಕು. ಹಾಗೆ ತೂಗಿದಾಗ ಸಸಾರಜನಕವು ರಾಗಿಹುಲ್ಲಿನಲ್ಲಿ ನೂರಕ್ಕೆ 3-4, ಸೀಮೆಹುಲ್ಲಿನಲ್ಲಿ 8ರ ಆಸುಪಾಸು, ಹೂಬಿಡುವ ಹೊತ್ತಿನ ಅಲಸಂದೆಯಲ್ಲಿ 16-18. ಅಂದರೆ ಸಸಾರಜನಕದ ಮಟ್ಟಿಗೆ 10 ಕಿಲೋ ಹಸಿ ಅಲಸಂದೆ ಸುಮಾರು 20 ಕಿಲೋ ಸೀಮೆಹುಲ್ಲಿಗೆ ಸಾಟಿ!

ಹುಲ್ಲಿನ ನಾರನ್ನು ಹಸು ತಾನೇ ಅರಗಿಸುವುದಿಲ್ಲ. ಅದರ ಮೊದಲನೆಯ ಹೊಟ್ಟೆಯಲ್ಲಿ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಆ ಕೆಲಸಕ್ಕೆ ನಿಂತಿವೆ. ಅವಕ್ಕೆ ಕೂಲಿಯಾಗಿ ಸಾರಜನಕ ಬೇಕು. ಒಟ್ಟು ಮೇವಿನಲ್ಲಿ ಸಸಾರಜನಕ ನೂರಕ್ಕೆ ಸುಮಾರು 7ಕ್ಕಿಂತ ಇಳಿದರೆ ಅವು ಕೈ ನಿಧಾನಿಸುತ್ತವೆ, ಹುಲ್ಲು ಹೊಟ್ಟೆಯಲ್ಲೇ ಕೂರುತ್ತದೆ, ಗೋದಲಿ ತುಂಬಿದ್ದರೂ ಹಸು ಮುಖ ತಿರುಗಿಸುತ್ತದೆ. ಒಂದಿಷ್ಟು ಅಲಸಂದೆ ಬೆರೆಸಿದರೆ ಅದೇ ಒಣಹುಲ್ಲು ಚೆನ್ನಾಗಿ ಅರಗತೊಡಗುತ್ತದೆ. ಹಾಗೆಂದು ಬರಿಹೊಟ್ಟೆಗೆ ಹಸಿ ದ್ವಿದಳ ಸೊಪ್ಪನ್ನೇ ಸುರಿದರೆ ಹೊಟ್ಟೆಯುಬ್ಬರದ ಭಯ. ನಾರು ಕಡಿಮೆಯಾದರೆ ಮೆಲುಕು ಕಡಿಮೆ. ಹಾಲಿನ ಜಿಡ್ಡೂ ಇಳಿಯುತ್ತದೆ.

ನಮ್ಮ ಹಸು ಸುಮಾರು 400 ಕಿಲೋ ತೂಗುತ್ತದೆ, ದಿನಕ್ಕೆ ಎಂಟೊಂಬತ್ತು ಲೀಟರು ಕೊಡುತ್ತದೆ. ಒಣತೂಕದಲ್ಲಿ ಅದಕ್ಕೆ 12 ಕಿಲೋ ಆಹಾರ ಬೇಕು. ನಾಲ್ಕೂವರೆ ಕಿಲೋ ರಾಗಿಹುಲ್ಲು, 20 ಕಿಲೋ ಸೀಮೆಹುಲ್ಲು, 10 ಕಿಲೋ ಅಲಸಂದೆ, ಎರಡು ಕಿಲೋ ಚಿಲ್ಲರೆ ಹಿಂಡಿ-ಬೂಸಾ: ಇದು ಈಗ ನಡೆದಿರುವ ಊಟ. ಹಿಂಡಿ-ಬೂಸಾ ಒಂದು ಕಿಲೋ ಇಳಿಯಿತು, ಹಾಲು ಇಳಿಯಲಿಲ್ಲ. ಎಲ್ಲವನ್ನೂ ಕೊಚ್ಚಿ ಬೆರೆಸಬೇಕು, ಅಷ್ಟೆ. ಇಲ್ಲವಾದರೆ ಪಲಾವಿನಲ್ಲಿ ಗೋಡಂಬಿ ಹುಡುಕುವ ನಮ್ಮ ಹಾಸ್ಟೆಲಿನ ಮಿತ್ರರಂತೆ ಹಸುವೂ ಎಲೆಯನ್ನು ಆರಿಸಿಕೊಂಡು ಕಡ್ಡಿಯನ್ನು ಬಿಡುತ್ತದೆ.

ತೊಡಕಿರುವುದು ನೆಲದ್ದು. ಸೀಮೆಹುಲ್ಲನ್ನು ಒಮ್ಮೆ ನೆಟ್ಟರೆ ಮೂರು ನಾಲ್ಕು ವರ್ಷ ಕೊಯ್ಯಬಹುದು. ಅಲಸಂದೆಯನ್ನು ಪ್ರತಿಸಲವೂ ಬಿತ್ತಬೇಕು. “ಇರುವ ಗದ್ದೆಯನ್ನೆಲ್ಲ ಹಸುವಿಗೇ ಕೊಟ್ಟರೆ ನಾವು ಉಣ್ಣುವುದೇನು?” ಎಂದು ಅಪ್ಪ ಕೇಳುತ್ತಾರೆ. ಅದಕ್ಕೆ ನನ್ನ ಪುಸ್ತಕಗಳಲ್ಲಿ ಉತ್ತರವಿಲ್ಲ. ಬದುವಿನುದ್ದಕ್ಕೂ ಅಗಸೆ ಮರ ಹಾಕೋಣ ಎಂದದ್ದು ಅಮ್ಮ. ಅದರ ಸೊಪ್ಪಿನ ಒಣತೂಕದಲ್ಲಿ ಸಸಾರಜನಕ ನೂರಕ್ಕೆ 20ನ್ನು ಮೀರುತ್ತದೆ; ನೆರಳೂ ವಿರಳ. ಅಪ್ಪ ಇನ್ನೂ ಒಪ್ಪಿಲ್ಲ. ಆದರೆ ಹೋದ ವಾರ ನಾನು ಊರಿನಿಂದ ಹೊರಟಾಗ, ಬೀಜ ಸಿಕ್ಕರೆ ತಾ ಎಂದು ಜೇಬಿಗೆ ದುಡ್ಡು ತುರುಕಿದವರು ಅವರೇ.