ಕಾರಿನ ಗೀರಿಗೆ ಮದ್ದುಂಟು

ಅಡಿಗೆ, ಹೊಲಿಗೆ, ಮಕ್ಕಳ ಆರೋಗ್ಯದ ಪುಟಗಳ ನಡುವೆ ಕಾರಿನ ಮಾತು ಎಲ್ಲಿಂದ ಬಂತು ಎಂದು ಹುಬ್ಬೇರಿಸಬೇಡಿ. ದೋಸೆ ಕಾವಲಿಯನ್ನು ಪಳಗಿಸುವುದು ಹೇಗೆ, ಜರಿ ಸೀರೆಯ ಮಡಿಕೆ ಬದಲಿಸುವುದು ಯಾವಾಗ, ನಾನ್‌ಸ್ಟಿಕ್ ಪಾತ್ರೆಗೆ ಸ್ಟೀಲಿನ ಸೌಟು ಯಾಕೆ ತಾಗಿಸಬಾರದು, ಇದೆಲ್ಲ ನಮಗೆ ಗೊತ್ತುಂಟು. ಕಾರಿನ ಪೈಂಟಿನ ಆರೈಕೆಯೂ ಇದೇ ಜಾತಿಯ ವಿದ್ಯೆ. ನಾನು ಹೈಸ್ಕೂಲಿಗೆ ಓದು ನಿಲ್ಲಿಸಿದವಳು, ನಲವತ್ತು ತುಂಬಿದ ಮೇಲೆ ಡ್ರೈವಿಂಗ್ ಕಲಿತವಳು. ಗ್ಯಾರೇಜಿನವರನ್ನು ಕೇಳಿ ಕೇಳಿ, ಮನೆಯ ಅಂಗಳದಲ್ಲಿ ಮಾಡಿ ನೋಡಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಬರೆಯಲಿಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಮನೆಗಳಲ್ಲಿ ಗೀರು ಎಂದರೆ ಬರೀ ಗೀರಲ್ಲ. "ಅವಳ ಕೈಗೆ ಗಾಡಿ ಕೊಟ್ಟರೆ ಎಲ್ಲಿಯಾದರೂ ಒರಸಿಕೊಂಡು ಬರ್ತಾಳೆ" ಎಂಬ ಒಂದು ಮಾತಿಗೆ ಅಂಜಿ ಲೈಸೆನ್ಸನ್ನು ಕಪಾಟಿನ ಸೀರೆಗಳ ಅಡಿಗೆ ಸೇರಿಸಿದ ಹೆಂಗಸರು ನನಗೆ ಪರಿಚಯ ಇರುವವರೇ ನಾಲ್ಕೈದು ಮಂದಿ ಇದ್ದಾರೆ. ಗಂಡಸರು ತಂದ ಗೀರಾದರೆ ಟ್ರಾಫಿಕ್ಕಿನ ತಪ್ಪು, ನಾವು ತಂದದ್ದಾದರೆ ಡ್ರೈವಿಂಗ್ ಬಾರದ ತಪ್ಪು! ಇದು ಯಾವ ನ್ಯಾಯ, ನೀವೇ ಹೇಳಿ.

ಊರೇ ಹಾಗುಂಟು

ಮೊದಲು ನಮ್ಮ ಊರನ್ನು ನೋಡಿ. ಮಂಗಳೂರು ಏರು-ತಗ್ಗಿನ ಊರು. ಕದ್ರಿ, ಬಿಜೈ, ಮಣ್ಣಗುಡ್ಡೆಯ ಒಳದಾರಿಗಳಲ್ಲಿ ಎಷ್ಟೋ ಕಡೆ ಒಂದು ಕಾರು ಹೋಗುವಷ್ಟೇ ಅಗಲ, ಎರಡೂ ಬದಿಗೆ ಕೆಂಪುಕಲ್ಲಿನ ಪಾಗಾರ. ಎದುರಿನಿಂದ ಒಂದು ರಿಕ್ಷಾ ಬಂತೆಂದರೆ ಪಾಗಾರಕ್ಕೆ ಒತ್ತಿಕೊಂಡೇ ನಿಲ್ಲಬೇಕು. ಸಾರಣೆ ಇಲ್ಲದ ಕೆಂಪುಕಲ್ಲೋ, ಉಳಿ ಹೊಡೆಸಿದ ಹೊಸ ಕಡೆಯುವ ಕಲ್ಲಿನ ಹಾಗೆ ಒರಟು. ನಮ್ಮ ರಥಬೀದಿಗೆ ಇಂಗ್ಲಿಷಿನಲ್ಲಿ ಕಾರ್ ಸ್ಟ್ರೀಟ್ ಎಂದು ಹೆಸರು. ಆ ಕಾರು ವೆಂಕಟರಮಣ ದೇವರ ತೇರು. ನಮ್ಮ ಕಾರಿಗೆ ಅಲ್ಲಿ ನಿಲ್ಲಲು ಜಾಗ ಸಿಕ್ಕಿತೆಂದರೆ ಅದೂ ದೇವರ ದಯವೇ. ಇಂಥ ಊರಿನಲ್ಲಿ ಗೀರು ಬೀಳದ ಕಾರು ಎಂದರೆ ಶೆಡ್ಡಿನಿಂದ ಹೊರಗೆ ಬಾರದ ಕಾರು.

ಗೀರು ಬಿದ್ದದ್ದಕ್ಕಿಂತಲೂ ಆಮೇಲೆ ಏನಾಗುತ್ತದೆ ಎನ್ನುವುದು ಮುಖ್ಯ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಜೊತೆಗೆ ಕಡಲಿನ ಗಾಳಿ. ಅದರಲ್ಲಿರುವ ಉಪ್ಪು ತೇವವನ್ನು ಎಳೆದು ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುವುದನ್ನು ಬೇಗ ಮಾಡುತ್ತದೆ. ಪಣಂಬೂರು, ಉಳ್ಳಾಲದ ಕಡೆಯವರು ಮನೆಯ ಕಿಟಕಿ ಸರಳು ನೋಡಿದರೆ ಸಾಕು, ನಾನು ಹೇಳುವುದು ಬೇಡ. ಒಣಹವೆಯ ಊರಿನಲ್ಲಿ ವರ್ಷಗಟ್ಟಲೆ ಸುಮ್ಮನಿರುವ ಗೀರು ಇಲ್ಲಿ ಒಂದೇ ಮಳೆಗಾಲದಲ್ಲಿ ಕೆಂಪಗಾಗಬಹುದು.

ಪೈಂಟು ಎಷ್ಟು ದಪ್ಪ?

ಕಾರಿನ ಪೈಂಟು ಒಂದೇ ಪದರವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಆಮೇಲೆ ನಾವು ಕಾಣುವ ಬಣ್ಣ, ಎಲ್ಲಕ್ಕಿಂತ ಮೇಲೆ ಗಾಜಿನ ಹಾಗೆ ಪಾರದರ್ಶಕವಾದ ಕ್ಲಿಯರ್ ಕೋಟ್. ಇಷ್ಟೂ ಸೇರಿದರೆ ಸುಮಾರು 100ರಿಂದ 150 ಮೈಕ್ರಾನ್. ಎಂದರೆ ಬರೆಯುವ ಕಾಗದದ ಒಂದು ಹಾಳೆಯಷ್ಟು ಅಥವಾ ಸ್ವಲ್ಪ ಹೆಚ್ಚು. ಹೊಳಪು ಕೊಡುವ ಕ್ಲಿಯರ್ ಕೋಟ್ ಅದರಲ್ಲಿ ಸುಮಾರು ಮೂರನೆಯ ಒಂದು ಪಾಲು ಅಷ್ಟೇ. 2014ರಲ್ಲಿ ತಯಾರಿ ನಿಂತ ಅಂಬಾಸಡರ್‌ನಂಥ ಹಳೆಯ ಕಾರುಗಳಲ್ಲಿ ಬಹುಪಾಲಿಗೆ ಈ ಪಾರದರ್ಶಕ ಪದರ ಇರಲಿಲ್ಲ. ಪಾಲಿಶ್ ಮಾಡಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು.

ಅಜ್ಜಿಯ ಕಾಲದ ಎನಾಮಲ್ ಬಟ್ಟಲು ನೆನಪು ಮಾಡಿಕೊಳ್ಳಿ. ಮೇಲ್ಮೈಯಲ್ಲಿ ಎಷ್ಟು ಗೆರೆ ಎದ್ದರೂ ಬಟ್ಟಲಿಗೆ ಏನೂ ಆಗುತ್ತಿರಲಿಲ್ಲ. ಅಂಚು ಒಡೆದು ಒಳಗಿನ ತಗಡು ಕಂಡಿತೋ, ಅಲ್ಲಿಂದ ತುಕ್ಕು ಶುರು. ಕಾರಿನ ಲೆಕ್ಕವೂ ಅದೇ. ಆದುದರಿಂದ ಗೀರು ಎಷ್ಟು ಉದ್ದ ಎಂದು ನೋಡಿ ಗಾಬರಿಯಾಗಬೇಡಿ, ಎಷ್ಟು ಆಳ ಎಂದು ನೋಡಿ.

ಪರೀಕ್ಷೆ ಮಾಡುವುದು ಹೀಗೆ

ಜಾಗವನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಗೀರಿನ ಮೇಲೆ ನಾಲ್ಕು ಹನಿ ನೀರು ಹಾಕಿ. ನೀರು ಇರುವಷ್ಟು ಹೊತ್ತು ಗೀರು ಮಾಯವಾದರೆ ಅದು ಕ್ಲಿಯರ್ ಕೋಟ್‌ನಲ್ಲೇ ನಿಂತಿದೆ ಎಂದು ಅರ್ಥ. ಆಮೇಲೆ ಉಗುರನ್ನು ಗೀರಿಗೆ ಅಡ್ಡವಾಗಿ ಮೆಲ್ಲಗೆ ಆಡಿಸಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಪಾಲಿಶ್‌ನಲ್ಲಿ ಹೋಗುವ ಸಂಭವ ಹೆಚ್ಚು, ಸಿಕ್ಕಿಕೊಂಡರೆ ಆಳವಿದೆ. ಕೊನೆಗೆ ಒಳಗಿನ ಬಣ್ಣ ನೋಡಿ. ಬೂದು ಅಥವಾ ಬಿಳಿ ಕಂಡರೆ ಪ್ರೈಮರ್ ತನಕ ಹೋಗಿದೆ, ಲೋಹದ ಹೊಳಪು ಕಂಡರೆ ತಗಡೇ ಬಯಲಾಗಿದೆ. ಅದನ್ನು ಮಾತ್ರ ನಾಳೆಗೆ ಎಂದು ಬಿಡಬೇಡಿ. ಕೆಲವು ಕಾರುಗಳ ತಗಡಿಗೆ ಸತುವಿನ ಲೇಪ ಇರುವುದರಿಂದ ತುಕ್ಕು ತಡವಾದೀತು, ಬಾರದೇ ಇರುವುದಿಲ್ಲ.

ನಮ್ಮ ಹಿಂದಿನ ಮನೆಯ ಅಕ್ಕನ ವಿಷಯ ಹೇಳುತ್ತೇನೆ. ಡ್ರೈವಿಂಗ್ ಕಲಿತ ಹೊಸತರಲ್ಲಿ ಅವರದೇ ಗೇಟಿನ ಕಂಬಕ್ಕೆ ಕಾರಿನ ಹಿಂದಿನ ಬಂಪರ್ ಒರಸಿತ್ತು. ಗೇಣುದ್ದದ ಬಿಳಿ ಪಟ್ಟೆ. ಯಜಮಾನರು ಬೈಯಲಿಲ್ಲ. ಆದರೆ ಬಂದ ನೆಂಟರಿಗೆಲ್ಲ ಅದನ್ನು ತೋರಿಸಿ "ನಮ್ಮ ಮನೆಯವಳ ರುಜು" ಎಂದು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದರು. ನಕ್ಕು ನಕ್ಕು ಒಂದು ದಿನ ಕೀಲಿಕೈಯನ್ನು ಗೋಡೆಯ ಮೊಳೆಗೆ ತೂಗುಹಾಕಿದವರು ಮತ್ತೆ ತೆಗೆಯಲೇ ಇಲ್ಲ. ಆರು ವರ್ಷ! ಆ ಕಾಲದಲ್ಲಿ ಅವರ ಅಮ್ಮನಿಗೆ ಮಂಡಿನೋವು ಜೋರಾಗಿ ವಾರಕ್ಕೆ ಎರಡು ಸಲ ಆಸ್ಪತ್ರೆಗೆ ಹೋಗಬೇಕಾಯಿತು. ಯಜಮಾನರಿಗೆ ಆಫೀಸಿನಿಂದ ಬಿಡುವಿಲ್ಲ. ಸಿಟಿ ಬಸ್ಸಿನ ಎತ್ತರದ ಮೆಟ್ಟಿಲಿಗೆ ಆ ಮುದುಕಿಯನ್ನು ಅಕ್ಕ ಹಿಂದಿನಿಂದ ನೂಕಿ ಹತ್ತಿಸುವುದನ್ನು ಆಟಿಯ ಮಳೆಯಲ್ಲಿ ನಾನೇ ಕಣ್ಣಾರೆ ಕಂಡೆ. ಕಾರು ಮನೆಯಲ್ಲಿ ಕವರು ಹೊದ್ದು ಬೆಚ್ಚಗೆ ನಿಂತಿತ್ತು.

ಒಂದು ಗ್ಯಾರೇಜಿನವರು ಬಂಪರ್ ಪೂರ್ತಿ ಪೈಂಟ್ ಮಾಡಲೇಬೇಕು, ಕೆಲವು ಸಾವಿರ ಆಗುತ್ತದೆ ಎಂದು ಹೇಳಿ ಇನ್ನಷ್ಟು ಹೆದರಿಸಿದ್ದರು. ಒಂದು ಭಾನುವಾರ ನಾವಿಬ್ಬರೂ ಕೂತು ನೋಡಿದೆವು. ತೊಳೆದೆವು, ನೀರು ಹಾಕಿದೆವು, ಉಗುರು ಆಡಿಸಿದೆವು. ಉಗುರು ತಗ್ಗಿಗೆ ಇಳಿಯುವ ಬದಲು ಏನೋ ದಿಬ್ಬ ಹತ್ತಿದ ಹಾಗಾಯಿತು. ನೋಡಿದರೆ ಬಿಳಿ ಪಟ್ಟೆಯ ಬಹುಪಾಲು ಗೀರೇ ಅಲ್ಲ, ಗೇಟಿನ ಕಂಬದ ಪೈಂಟು ಬಂಪರಿಗೆ ಹತ್ತಿದ್ದು! ಮೆತ್ತಗಿನ ಬಟ್ಟೆಯಲ್ಲಿ ಸ್ವಲ್ಪ ಪಾಲಿಶ್ ತೆಗೆದುಕೊಂಡು ಅರ್ಧ ಗಂಟೆ ತಿಕ್ಕಿದಾಗ ಎರಡು ಸಣ್ಣ ಗೆರೆ ಬಿಟ್ಟು ಉಳಿದದ್ದೆಲ್ಲ ಹೋಯಿತು. ಆ ಗೆರೆಗಳಿಂದಲೂ ಅಪಾಯವಿಲ್ಲ. ಬಂಪರ್ ಪ್ಲಾಸ್ಟಿಕ್ಕಿನದ್ದು, ಅದಕ್ಕೆ ತುಕ್ಕು ಎಂಬುದೇ ಇಲ್ಲ. ಅಕ್ಕ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ "ಇಷ್ಟಕ್ಕೆ ಆರು ವರ್ಷವಾ ಮಾರಾಯ್ತಿ?" ಎಂದರು.

ಯಾವ ಗೀರಿಗೆ ಯಾವ ಮದ್ದು

ಮೇಲ್ಮೈಯ ಗೀರಿಗೆ ರಬ್ಬಿಂಗ್ ಕಂಪೌಂಡ್ ಅಥವಾ ಕಾರಿನ ಪಾಲಿಶ್ ಸಾಕು. ಆದರೆ ಒಂದು ತಿಳಿದಿರಲಿ: ಇವು ಗೀರನ್ನು ತುಂಬಿಸುವುದಿಲ್ಲ, ಸುತ್ತಲಿನ ಕ್ಲಿಯರ್ ಕೋಟನ್ನು ಚೂರು ಸವೆಸಿ ಗೀರಿನ ಮಟ್ಟಕ್ಕೆ ತರುತ್ತವೆ. ಇರುವ ಪದರವೇ ತೆಳ್ಳಗೆ. ತಿಂಗಳಿಗೊಮ್ಮೆ ತಿಕ್ಕಿದರೆ ಉಳಿಯುವುದೇನು? ಹಲ್ಲುಜ್ಜುವ ಪೇಸ್ಟ್ ಹಚ್ಚಿ ಎನ್ನುವವರಿದ್ದಾರೆ. ಅದರಲ್ಲೂ ತಿಕ್ಕುವ ಪುಡಿ ಇರುವುದರಿಂದ ಬಹಳ ಸಣ್ಣ ಗೆರೆ ಮಂಕಾಗುವುದುಂಟು. ಆದರೆ ಅದು ಕಾರಿಗೆಂದು ಮಾಡಿದ್ದಲ್ಲ, ಹೊಳಪು ಕೆಡಲೂಬಹುದು.

ಬಣ್ಣದ ತನಕ ಇಳಿದ ಸಣ್ಣ ಗೀರಿಗೆ ಟಚ್-ಅಪ್ ಪೈಂಟ್ ಸಿಗುತ್ತದೆ. ಅಂಗಡಿಯಲ್ಲಿ "ಕೆಂಪು" ಎಂದರೆ ಸಾಲದು, ಕೆಂಪಿನಲ್ಲೇ ಹತ್ತು ಬಗೆ ಉಂಟು. ಡೋರಿನ ಚೌಕಟ್ಟಿನಲ್ಲಿ ಅಥವಾ ಬಾನೆಟ್ಟಿನ ಅಡಿಯಲ್ಲಿರುವ ಪಟ್ಟಿಯಲ್ಲಿ ಬಣ್ಣದ ನಂಬರು ಇರುತ್ತದೆ. ಅದನ್ನು ಬರೆದುಕೊಂಡು ಹೋಗಿ. ಜಾಗ ಪೂರ್ತಿ ಒಣಗಿರಬೇಕು, ಬಿಸಿಲಿಗೆ ಕಾದಿರಬಾರದು. ಒಂದೇ ಸಲ ದಪ್ಪಗೆ ಬಳಿಯದೆ ತೆಳ್ಳಗೆ ಎರಡು-ಮೂರು ಸಲ, ನಡುವೆ ಒಣಗಲು ಬಿಟ್ಟು ಹಚ್ಚಿ. ಜುಲೈ ತಿಂಗಳ ತೇವದಲ್ಲಿ ಈ ಕೆಲಸ ನೆಟ್ಟಗಾಗುವುದಿಲ್ಲ. ತಗಡು ಬಯಲಾಗಿ ತುಕ್ಕು ಕಂಡಿದ್ದರೆ ಅದರ ಮೇಲೆಯೇ ಬಣ್ಣ ಬಳಿಯಬೇಡಿ, ಒಳಗಿಂದೊಳಗೆ ತಿನ್ನುತ್ತಾ ಹೋಗುತ್ತದೆ. ತುಕ್ಕು ತೆಗೆದು ಪ್ರೈಮರ್ ಹಾಕಬೇಕು. ತಗಡು ತಗ್ಗಿದ್ದರೆ ಟಿಂಕರಿಂಗ್‌ನವರಿಗೇ ಕೊಡಿ.

ಇನ್ಶೂರೆನ್ಸ್ ಉಂಟಲ್ಲಾ ಎನ್ನುತ್ತೀರಾ? ಕೊಂಚ ಲೆಕ್ಕ ಹಾಕಿ. ಒಂದು ವರ್ಷ ಕ್ಲೇಮು ಮಾಡದಿದ್ದರೆ ಮರುವರ್ಷ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 20 ರಿಯಾಯಿತಿ ಇರುತ್ತದೆ. ಸತತ ಐದು ವರ್ಷಕ್ಕೆ ಅದು ಶೇಕಡಾ 50ಕ್ಕೆ ಏರುತ್ತದೆ. ಸಾಮಾನ್ಯವಾಗಿ ಒಂದೇ ಕ್ಲೇಮಿಗೆ ಅಷ್ಟೂ ಹೋಗಿ ಸೊನ್ನೆಗೆ ಬರುತ್ತದೆ. ಜೊತೆಗೆ 1500 ಸಿ.ಸಿ. ತನಕದ ಕಾರುಗಳಿಗೆ ಕ್ಲೇಮಿನಲ್ಲಿ ಮೊದಲ ಸಾವಿರ ರೂಪಾಯಿ ನಮ್ಮ ಕೈಯಿಂದಲೇ. ಸಣ್ಣ ಗೀರಿಗೆ ಕ್ಲೇಮು ಮಾಡುವುದೆಂದರೆ ಕೊತ್ತಂಬರಿ ಕಟ್ಟಿಗೆ ಐನೂರರ ನೋಟು ಮುರಿಸಿದ ಹಾಗೆ.

ತೊಳೆಯುವಾಗ ಬೀಳುವ ಗೀರು

ಪಾಗಾರದ ಗೀರಿಗಿಂತ ಹೆಚ್ಚು ಗೀರುಗಳು ನಮ್ಮ ಅಂಗಳದಲ್ಲೇ ಬೀಳುತ್ತವೆ ಎಂದರೆ ನಂಬುತ್ತೀರಾ? ಬೆಳಿಗ್ಗೆದ್ದು ಒಣಬಟ್ಟೆಯಲ್ಲಿ ಕೆಂಪು ಧೂಳು ಒರಸುವುದೇ ಇದಕ್ಕೆ ಕಾರಣ. ಆ ಧೂಳಿನಲ್ಲಿ ಗಟ್ಟಿ ಕಣಗಳಿರುತ್ತವೆ. ಒಣಗಿದ್ದಾಗ ಒರಸಿದರೆ ಉಪ್ಪುಕಾಗದ ಉಜ್ಜಿದಂತೆಯೇ. ಬಿಸಿಲಿಗೆ ಓರೆಯಾಗಿ ನೋಡಿ, ಜೇಡರ ಬಲೆಯಂಥ ಸುತ್ತುಗೆರೆ ಕಂಡರೆ ಅದು ಬಟ್ಟೆಯ ಕೆಲಸ.

ಹಾಗಾಗಿ ಮೊದಲು ಬರೀ ನೀರು ಹೊಯ್ದು ಧೂಳು ಇಳಿಸಿ. ಬಕೆಟು ಎರಡು ಇರಲಿ, ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಒಳ್ಳೆಯ ನೀರು. ಮೇಲಿನಿಂದ ಕೆಳಗೆ ತೊಳೆದು ಬನ್ನಿ, ಚಕ್ರದ ಬಟ್ಟೆ ಬೇರೆಯೇ ಇರಲಿ. ಮೈಕ್ರೋಫೈಬರ್ ಬಟ್ಟೆ ಒಳ್ಳೆಯದು. ತೆಂಗಿನ ನಾರು, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ಹತ್ತಿರ ಸುಳಿಯಬಾರದು. ಕೆಲಸಕ್ಕೆ ಬರುವವರಿಗೂ ಇದನ್ನು ಮೊದಲೇ ತಿಳಿಸಿ, ಆಮೇಲೆ ಅವರ ಮೇಲೆ ಹಾರಾಡಿ ಪ್ರಯೋಜನವಿಲ್ಲ. ಪಾತ್ರೆಯ ಸೋಪು ಜಿಡ್ಡಿನೊಂದಿಗೆ ಕಾರಿನ ಮೇಣದ ಲೇಪವನ್ನೂ ತೆಗೆಯುತ್ತದೆ.

ಹಕ್ಕಿಯ ಹಿಕ್ಕೆ ಬಿಸಿಲಿಗೆ ಬಿದ್ದರೆ ಪೈಂಟಿಗೇ ಅಚ್ಚು ಒತ್ತುತ್ತದೆ. ಉಜ್ಜಬೇಡಿ, ಒದ್ದೆ ಬಟ್ಟೆ ಹೊದಿಸಿ ಐದು ನಿಮಿಷ ನೆನೆಸಿ, ಆಮೇಲೆ ಎತ್ತಿ ತೆಗೆಯಿರಿ. ಹಲಸಿನ ಮೇಣ ತಾಗಿದರೆ ಕೈಗೆ ಮಾಡುವ ಮದ್ದೇ, ತೆಂಗಿನೆಣ್ಣೆ ಹಚ್ಚಿ ಮೆತ್ತಗಾದ ಮೇಲೆ ಒರಸಿ ಸೋಪಿನಲ್ಲಿ ತೊಳೆಯಿರಿ. ಡೋರಿನ ಹಿಡಿಯ ಹಿಂದೆ ಕಾಣುವ ಸಣ್ಣ ಗೆರೆಗಳು ಉಂಗುರ, ಬಳೆ, ಉಗುರಿನವು. ಅದಕ್ಕೆ ಅಂಟಿಸುವ ಪಾರದರ್ಶಕ ಹಾಳೆ ಸಿಗುತ್ತದೆ. ಇನ್ನು ಕವರು: ಧೂಳು ತುಂಬಿದ ಕಾರಿಗೆ ಕವರು ಹೊದಿಸಿದರೆ ಗಾಳಿಗೆ ಅದೇ ಉಜ್ಜುತ್ತದೆ, ಒದ್ದೆ ಕಾರಿಗೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ.

ಮೇ ತಿಂಗಳ ಕೆಲಸ

ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ ಎಂದು ಮಳೆಗಾಲಕ್ಕೆ ಮುಂಚಿನ ಪಟ್ಟಿ ನಮ್ಮಲ್ಲಿ ಉದ್ದ ಉಂಟಷ್ಟೆ. ಅದಕ್ಕೆ ಕಾರನ್ನೂ ಸೇರಿಸಿ. ಮೇ ತಿಂಗಳಲ್ಲಿ ಒಮ್ಮೆ ಸುತ್ತ ಬಂದು ಡೋರಿನ ಅಂಚು, ಚಕ್ರದ ಮೇಲಿನ ಕಮಾನು, ಬಾನೆಟ್ಟಿನ ಮುಂತುದಿ ನೋಡಿ. ಕಲ್ಲು ಸಿಡಿದ ಚುಕ್ಕೆಗಳು ಅಲ್ಲೇ ಇರುವುದು. ಆಳದ್ದಕ್ಕೆ ಟಚ್-ಅಪ್ ಮುಗಿಸಿ, ಮೇಲೆ ಕಾರಿನ ವ್ಯಾಕ್ಸ್ ಹಚ್ಚಿದರೆ ಮಳೆನೀರು ಕೆಸುವಿನ ಎಲೆಯ ಮೇಲೆ ಜಾರಿದ ಹಾಗೆ ಜಾರುತ್ತದೆ. ಎರಡು-ಮೂರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಕಡಲ ತಡಿಗೆ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೆಯುವುದನ್ನು ಮರೆಯಬೇಡಿ, ಚಕ್ರದ ಒಳಬದಿಗೂ ನೀರು ಬೀಳಲಿ.

ಹಿಂದಿನ ಮನೆಯ ಅಕ್ಕ ಈಗ ವಾರಕ್ಕೆರಡು ಸಲ ಅಮ್ಮನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ. ಕಳೆದ ತಿಂಗಳು ಎಡಗಡೆಯ ಕನ್ನಡಿಗೆ ಯಾವುದೋ ಸ್ಕೂಟರು ಒರಸಿ ಹೊಸ ಗೀರೊಂದು ಬಿತ್ತಂತೆ. ಯಜಮಾನರು ಬಾಯಿ ತೆರೆಯುವ ಮೊದಲೇ ಇವರು ಚೊಂಬಿನಲ್ಲಿ ನೀರು ತಂದರಂತೆ.

ನಿಮ್ಮ ಮನೆಯಲ್ಲೂ ಗೀರು ಬಿದ್ದೀತು, ಬೀಳಲಿ. ತೊಳೆಯಿರಿ, ನೀರು ಹಾಕಿ ನೋಡಿ, ಉಗುರು ಆಡಿಸಿ ನೋಡಿ, ತಕ್ಕ ಮದ್ದು ಮಾಡಿ. ಕೀಲಿಕೈ ಮಾತ್ರ ನಿಮ್ಮ ಹತ್ತಿರವೇ ಇರಲಿ.