ತಪ್ಪಿಸಿಕೊಂಡ್ರೆ ತೇರಿನ ಹತ್ರ ಬಾ

ನಮ್ಮ ಆಫೀಸಿನಲ್ಲಿ ಈಗ ಎಲ್ಲರ ಬಾಯಲ್ಲೂ ಕ್ರೂಸ್. ಗೋವಾ ಆಯ್ತು, ಥಾಯ್ಲೆಂಡ್ ಆಯ್ತು, ಮಕ್ಕಳನ್ನ ಕಟ್ಕೊಂಡು ಮುಂದೆಲ್ಲಿಗೆ ಅಂದ್ರೆ ಹಡಗಿಗೆ. ಲಂಚ್ ಟೇಬಲ್ಲಿನಲ್ಲಿ ನಡೆಯೋ ಚರ್ಚೆ ಮಾತ್ರ ಒಂದೇ: ಯಾವ ಹಡಗು ದೊಡ್ಡದು?

ನಾನೂ ಅಮ್ಮ, ಅಪ್ಪ, ಹೆಂಡತಿ, ಐದು ವರ್ಷದ ಮಗಳು ಎಲ್ಲರೂ ಒಟ್ಟಿಗೆ ಹೋಗೋಣ ಅಂತ ಎರಡು ತಿಂಗಳು ಕೂತು ಒಂದು ಎಕ್ಸೆಲ್ ಶೀಟ್ ಮಾಡಿದೆ. ಎಂಜಿನಿಯರ್ ಬುದ್ಧಿ, ಬಿಡೋದಿಲ್ಲ.

ಮೊದಲು ಗಾತ್ರದ ವಿಷಯ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ ರಾಯಲ್ ಕೆರಿಬಿಯನ್ ಕಂಪನಿಯ ಐಕಾನ್ ಆಫ್ ದಿ ಸೀಸ್ 365 ಮೀಟರ್ ಉದ್ದ, 20 ಡೆಕ್. ನಮ್ಮೂರಿನ ಬಸ್‌ಸ್ಟ್ಯಾಂಡಿನಿಂದ ಹೈಸ್ಕೂಲಿನ ಗೇಟಿಗೆ ಹೆಚ್ಚೂಕಮ್ಮಿ ಅಷ್ಟೇ ದೂರ. ಅದರ ಗ್ರಾಸ್ ಟನೇಜ್ 2,48,663. ಟನೇಜ್ ಅಂದ ತಕ್ಷಣ ತೂಕ ಅಂದ್ಕೋಬೇಡಿ, ಅದು ಹಡಗಿನೊಳಗಿನ ಜಾಗದ ಅಳತೆ. ಇದನ್ನ ಪ್ರಯಾಣಿಕರ ಸಂಖ್ಯೆಯಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ಎಷ್ಟು ಜಾಗ ಸಿಗುತ್ತೆ ಅನ್ನೋ ಅಂದಾಜು ಬರುತ್ತೆ. ಕೋಣೆಗೆ ಇಬ್ಬರಂತೆ ಐಕಾನ್‌ನಲ್ಲಿ 5,610 ಜನ, ಅಂದರೆ ತಲೆಗೆ 44. 2022ರ ಡಿಸ್ನಿ ವಿಶ್ ಬರೀ 1,44,000 ಟನೇಜಿನದು. ಆದರೆ ಅದೇ ಲೆಕ್ಕದಲ್ಲಿ ಅಲ್ಲಿರೋದು 2,508 ಜನ, ತಲೆಗೆ 57. ಚಿಕ್ಕ ಹಡಗಿನಲ್ಲೇ ಕೈಕಾಲು ಆಡಿಸೋಕೆ ಜಾಗ ಜಾಸ್ತಿ! ಅದಕ್ಕೆ ತಕ್ಕಂತೆ ಡಿಸ್ನಿಯವರು ರೇಟೂ ಜಾಸ್ತಿ ಹಾಕ್ತಾರೆ, ಅದು ಬೇರೆ ಮಾತು. ಮುಂಬೈಯಿಂದ ಹೊರಡುವ ಕಾರ್ಡೇಲಿಯಾ ಎಂಪ್ರೆಸ್ 1990ರಲ್ಲಿ ಕಟ್ಟಿದ್ದು, 48,563 ಟನೇಜ್. ಇವುಗಳ ಮುಂದೆ ಅದು ಮೆಟ್ರೋ ಪಕ್ಕದ ಆಟೋ. ಆದರೆ ಅದಕ್ಕೆ ಅಮೆರಿಕದ ವೀಸಾ ಬೇಡ, ಸಾರನ್ನವೂ ಸಿಗುತ್ತೆ. ಮಯಾಮಿಯಿಂದ ಬಹಾಮಾಸ್‌ಗೆ ಹೋಗಿ ವಾಪಸ್ ಬರೋಕೆ ಮಲ್ಟಿಪಲ್ ಎಂಟ್ರಿ ವೀಸಾ ಇರಲೇಬೇಕು.

ಇನ್ನು ಆಟಗಳು. ಐಕಾನ್‌ನಲ್ಲಿ ಏಳು ಈಜುಕೊಳ, ಆರು ಜಾರುಬಂಡಿಗಳ ವಾಟರ್ ಪಾರ್ಕ್, ಪುಟಾಣಿಗಳಿಗೇ ಅಂತ ಸರ್ಫ್‌ಸೈಡ್ ಅನ್ನೋ ಒಂದು ಕೇರಿ. ಅದೇ ಕೇರಿಯಲ್ಲಿ ದೊಡ್ಡವರಿಗೂ ಕೂರೋ ಜಾಗ, ತಿನ್ನೋ ಜಾಗ ಇರೋದರಿಂದ ಮಕ್ಕಳ ಹಿಂದೆ ಡೆಕ್ಕಿಂದ ಡೆಕ್ಕಿಗೆ ಓಡೋದು ತಪ್ಪುತ್ತೆ. ಎಂಎಸ್‌ಸಿ ವರ್ಲ್ಡ್ ಯೂರೋಪಾದಲ್ಲಿ ಹನ್ನೊಂದು ಡೆಕ್ ಎತ್ತರದ ಜಾರುಬಂಡಿ. ಕಾರ್ನಿವಲ್‌ನ ಮಾರ್ಡಿ ಗ್ರಾದಲ್ಲಿ ಸಮುದ್ರದ ಮೇಲಿನ ಮೊದಲ ರೋಲರ್ ಕೋಸ್ಟರ್, ಅದಕ್ಕೆ ಬೇರೆ ದುಡ್ಡು. ಹದಿಹರೆಯದವರಿದ್ದರೆ ಇವು ಸರಿ. ಮೂರು ತುಂಬಿ, ಡೈಪರ್ ಬಿಟ್ಟ ಮಕ್ಕಳಿಗೆ ರಾಯಲ್, ಡಿಸ್ನಿ ಎರಡರಲ್ಲೂ ಕಿಡ್ಸ್ ಕ್ಲಬ್ ಟಿಕೆಟ್ಟಿನಲ್ಲೇ ಸೇರಿದೆ. ಅದಕ್ಕಿಂತ ಚಿಕ್ಕ ಕೂಸುಗಳ ನರ್ಸರಿಗೆ ಗಂಟೆ ಲೆಕ್ಕದಲ್ಲಿ ಕೊಡಬೇಕು. ಡೈಪರ್ ಹಾಕಿದ ಮಗುವನ್ನ ಮುಖ್ಯ ಕೊಳಗಳಿಗೆ ಇಳಿಸುವಂತಿಲ್ಲ, ನೀರು ಚಿಮ್ಮುವ ಆಟದ ಜಾಗವೇ ಗತಿ. ಒಂದೂವರೆ ವರ್ಷದ ಮಗು ಇರೋರು ಟಿಕೆಟ್ ತಗೊಳ್ಳೋ ಮುಂಚೆ ಇದನ್ನ ಓದ್ಕೊಳ್ಳಿ.

ಶೀಟ್ ಭರ್ತಿಯಾಯ್ತು. ಬಣ್ಣ ಹಚ್ಚಿದ್ದೂ ಆಯ್ತು. ಅದನ್ನ ನನ್ನ ಪಿಯುಸಿ ಗೆಳೆಯನೊಬ್ಬನಿಗೆ ಕಳಿಸಿದೆ. ಕುಂದಾಪುರದ ಕಡೆಯವನು, ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗಿನಲ್ಲಿ ವೇಟರ್ ಆಗಿದ್ದಾನೆ. ಕರಾವಳಿಯಲ್ಲಿ 'ಹಡಗಿಗೆ ಹೋಗಿದ್ದಾನೆ' ಅನ್ನೋದು ಈಗಲೂ ಒಂದು ಮನೆತನದ ಸುದ್ದಿ. ರಾತ್ರಿ ಪಾಳಿ ಮುಗಿಸಿ ಫೋನ್ ಮಾಡಿದ.

"ಎಲ್ಲ ಸರಿ ಮಾರಾಯ. ಆದ್ರೆ ಇದರಲ್ಲಿರೋದೆಲ್ಲ ನೀವು ಐದು ಜನ ಐದು ಕಡೆ ಹೋಗೋ ವ್ಯವಸ್ಥೆ. ಸೇರೋದೆಲ್ಲಿ?"

ಬೆಳಗ್ಗೆ ಮಗು ಕ್ಲಬ್ಬಿಗೆ, ಅಪ್ಪ ಜಿಮ್ಮಿಗೆ, ಅಮ್ಮ ಸ್ಪಾಗೆ, ಅಜ್ಜಿ-ತಾತ ಕೋಣೆಯಲ್ಲಿ ಟಿವಿ ಮುಂದೆ. ರಾತ್ರಿ ಊಟಕ್ಕೂ ಒಬ್ಬರು ಬಫೆಗೆ, ಇನ್ನೊಬ್ಬರು ಪಿಜ್ಜಾ ಕೌಂಟರಿಗೆ. ಇಂಥ ಕುಟುಂಬಗಳನ್ನ ಅವನು ದಿನಾ ನೋಡ್ತಾನಂತೆ. "ಎರಡನೇ ದಿನಕ್ಕೇ ಗೊತ್ತಾಗುತ್ತೆ, ಯಾವ ಮೇಜು ಕೊನೇ ದಿನದ ತನಕ ತುಂಬಿರುತ್ತೆ ಅಂತ. ತುಂಬಿದ ಮೇಜಿನಲ್ಲಿ ಮಕ್ಕಳು ಇಡೀ ದಿನದ ಕತೆಯನ್ನ ಅಜ್ಜಿಗೆ ಹೇಳ್ತಿರ್ತವೆ."

ಚಿಕ್ಕವನಿದ್ದಾಗ ನಮ್ಮೂರ ಜಾತ್ರೆಗೆ ಹೋಗುವಾಗ ಅಪ್ಪ ಒಂದೇ ಮಾತು ಹೇಳೋರು: ತಪ್ಪಿಸಿಕೊಂಡ್ರೆ ತೇರಿನ ಹತ್ರ ಬಾ. ಅಷ್ಟು ಗೊತ್ತಿದ್ದರೆ ಸಾಕು, ಬಳೆ ಅಂಗಡಿಗೆ ಅಮ್ಮ, ಎತ್ತು ನೋಡೋಕೆ ಅಪ್ಪ, ತೊಟ್ಟಿಲಿಗೆ ನಾನು, ಹೆದರಿಕೆಯಿಲ್ಲದೆ ಚದುರಿಹೋಗ್ತಿದ್ವಿ. ದೊಡ್ಡ ಹಡಗು ಅಂದ್ರೆ ನೀರಿನ ಮೇಲಿನ ಜಾತ್ರೆ. ಚದುರೋದರಲ್ಲಿ ತಪ್ಪೇನಿಲ್ಲ, ಅಲ್ಲಿ ನಮ್ಮ ತೇರು ಯಾವುದು ಅನ್ನೋದನ್ನ ಮೊದಲೇ ಗೊತ್ತು ಮಾಡ್ಕೋಬೇಕು, ಅಷ್ಟೇ.

ಆ ತೇರು ಊಟದ ಮೇಜು. ಶೀಟಿಗೆ ಅದೊಂದು ಕಾಲಂ ಸೇರಿಸಿದ ಮೇಲೆ ಆಯ್ಕೆ ಸುಲಭವಾಯ್ತು. ರಾಯಲ್ ಕೆರಿಬಿಯನ್‌ನಲ್ಲಿ ಬುಕ್ ಮಾಡುವಾಗ ಎರಡು ದಾರಿ ಕೇಳ್ತಾರೆ: ಬೇಕಾದಾಗ ಬಂದು ಊಟ ಮಾಡೋದು, ಇಲ್ಲಾ ದಿನಾ ಒಂದೇ ಹೊತ್ತಿಗೆ, ಒಂದೇ ಮೇಜಿನಲ್ಲಿ, ಅದೇ ವೇಟರ್ ಕೈಯಲ್ಲಿ. ನಮ್ಮ ಪೀಳಿಗೆಯವರು ಕಣ್ಣುಮುಚ್ಚಿ ಮೊದಲನೆಯದನ್ನ ಒತ್ತುತ್ತೇವೆ. ಹಿರಿಯರ ಜೊತೆ ಹೋಗೋರು ಎರಡನೆಯದನ್ನೇ ಒತ್ತಿ, ಅದರಲ್ಲೂ ಬೇಗನೆಯ ಪಂಕ್ತಿ. ನಮ್ಮಪ್ಪ ಎಂಟೂವರೆಗೆ ಮಲಗುವವರು. ಡಿಸ್ನಿಯಲ್ಲಿ ರೆಸ್ಟೋರೆಂಟ್ ದಿನಕ್ಕೊಂದು ಬದಲಾಗುತ್ತೆ, ಆದರೆ ಬಡಿಸುವವರು ನಿಮ್ಮ ಜೊತೆಗೇ ಬರ್ತಾರೆ. ಎರಡನೇ ದಿನವೇ ಮಗುವಿಗೆ ಮೊಸರು ಬೇಕು, ಅಜ್ಜಿಗೆ ಬಿಸಿನೀರು ಬೇಕು ಅಂತ ಅವರಿಗೆ ಗೊತ್ತಿರುತ್ತೆ.

ನಾವು ಸದ್ಯಕ್ಕೆ ಮುಂಬೈನ ಚಿಕ್ಕ ಹಡಗನ್ನೇ ಆರಿಸಿದ್ದೇವೆ. ಅಮ್ಮನ ಮಂಡಿಗೆ 365 ಮೀಟರ್ ಜಾಸ್ತಿ. ಮಗಳು ಬೆಳೆದ ಮೇಲೆ ಐಕಾನ್ ನೋಡೋಣ.

ಇನ್ನೊಂದು ವಿಷಯ. ಅಮೆರಿಕದ ದೊಡ್ಡ ಹಡಗುಗಳಲ್ಲಿ ಮಕ್ಕಳೂ ಸೇರಿ ತಲೆಗೆ ಇಷ್ಟು ಅಂತ ದಿನದ ಟಿಪ್ಸ್ ಬಿಲ್ಲಿಗೆ ಸೇರುತ್ತೆ. ಹಲವು ಕಡೆ ಕೌಂಟರಿಗೆ ಹೋಗಿ ಅದನ್ನ ತೆಗೆಸಬಹುದು. ಹಾಗೆ ತೆಗೆಸಿ ದುಡ್ಡು ಉಳಿಸೋ ಉಪಾಯವನ್ನ ನಮ್ಮ ಲಂಚ್ ಟೇಬಲ್ಲಿನಲ್ಲೂ ಒಬ್ಬರು ಹೇಳಿಕೊಟ್ಟರು. ದಯವಿಟ್ಟು ಬೇಡ. ನನ್ನ ಗೆಳೆಯ ಹಡಗು ಹತ್ತಿ ಏಳು ತಿಂಗಳಾಯ್ತು. ನಾವು ಕಿಡ್ಸ್ ಕ್ಲಬ್ಬಿಗೆ ಮೂರು ವರ್ಷ ತುಂಬಿರಬೇಕು ಅಂತ ಲೆಕ್ಕ ಹಾಕ್ತೀವಲ್ಲ, ಅವನ ಮಗನಿಗೆ ಹೋದ ತಿಂಗಳು ಮೂರು ತುಂಬಿತು. ಆ ರಾತ್ರಿ ಅವನು ಇನ್ಯಾರದೋ ಮಗುವಿನ ಮೇಜಿಗೆ ಕೇಕ್ ತಂದಿಟ್ಟು, ಚಪ್ಪಾಳೆ ತಟ್ಟಿ ಹಾಡಿದನಂತೆ.